ನಾಲ್ಕು ಬಣ್ಣ ಸಾಲದು

ಭಾನುವಾರ, ಜೂನ್ ೧೨

ಮುದ್ದಿನ ಮಗಳಿಗೆ,

ಮೊದಲು ಪಾಪುವಿನ ಎರಡೂ ಕೆನ್ನೆಗೆ ಒಂದೊಂದು ಮುತ್ತು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಪಾಲಿಗೆ ಮಾತ್ರ ಇವತ್ತು ಸಿಟ್ಟು ಬಿಟ್ಟರೆ ಬೇರೇನೂ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವ ಮೊದಲೇ ನೀನು "ಆಯ್ತಮ್ಮ, ಆಯ್ತು" ಅನ್ನುತ್ತೀಯ. ಅಷ್ಟರಲ್ಲಿ ಪಾಪು ಅಳುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕಾಗದಕ್ಕೆ ಮಧ್ಯೆ ಬಾಯಿ ಹಾಕುವಂತಿಲ್ಲ. ಕೂತು ಓದು.

ಮೊನ್ನೆ ನಿನ್ನ ಸಂದೇಶ ಬಂತು. "ಅಮ್ಮ, ನೀನು ಪ್ರಬಂಧ ವಾಪಸ್ ತಗೊಂಡೆ ಅಂತ ಅಪ್ಪ ಹೇಳಿದ್ರು. ಒಳ್ಳೇ ಕೆಲಸ ಮಾಡಿದೆ. ಈ ವಯಸ್ಸಲ್ಲಿ ಯಾರಿಗೆ ಏನು ಸಾಬೀತು ಮಾಡ್ಬೇಕಿತ್ತು ನಿಂಗೆ? ನನ್ನ ರಜೆ ಮುಗೀತಾ ಬಂತು, ಪಾಪು ಇನ್ನು ನಿನ್ನದೇ." ಕೊನೆಯಲ್ಲಿ ಒಂದು ನಗುವ ಮುಖ ಬೇರೆ.

ಪ್ರಬಂಧ ವಾಪಸ್ ತೆಗೆದುಕೊಂಡದ್ದು ನಿಜ. ಆದರೆ ನನಗೆ ಬುದ್ಧಿ ಬಂತೆಂದು ನೀವು ಅಪ್ಪ ಮಗಳು ಸೇರಿ ತೀರ್ಮಾನ ಮಾಡಿದ್ದೀರಲ್ಲ, ಅದು ಸುಳ್ಳು. ಇನ್ನು ಸಾಬೀತು ಮಾಡುವ ಮಾತು. ಗಣಿತದಲ್ಲಿ ಸಂಶೋಧನೆ ಮಾಡುವವಳನ್ನು ಯಾಕೆ ಸಾಬೀತು ಮಾಡುತ್ತೀಯ ಎಂದು ಕೇಳಿದರೆ, ದಂತವೈದ್ಯೆಯಾದ ನಿನ್ನನ್ನು ಯಾಕೆ ಊರವರ ಬಾಯಿಯೊಳಗೆ ಇಣುಕುತ್ತೀಯ ಎಂದು ಕೇಳಿದ ಹಾಗಾಯಿತು. ಅದೇ ನನ್ನ ಕೆಲಸ.

ನೀನು ಮದುವೆಯಾಗಿ ಹೋದ ಮೇಲೆ ನಾನು ಪಿಎಚ್.ಡಿ.ಗೆ ಸೇರಿದ್ದರಿಂದ, ಮನೆ ಖಾಲಿಯಾಯಿತು, ಅಮ್ಮನಿಗೆ ಹೊತ್ತು ಹೋಗುತ್ತಿಲ್ಲ ಎಂದು ನೀನು ಅಂದುಕೊಂಡೆ. ನಿನ್ನ ಅತ್ತೆಯವರು ಬೇರೆಯೇ ಅಂದುಕೊಂಡರು: ಪಾಪ, ಆಗ ಓದಬೇಕೆಂದಿದ್ದಳು, ಗಂಡ ಮಗಳಿಗಾಗಿ ಬಿಟ್ಟಳು ಎಂದು. ಆ ಕಥೆಯನ್ನು ಒಪ್ಪಿಕೊಂಡರೆ ನನಗೆ ನಾಲ್ಕು ಜನರ ಅನುಕಂಪ ಸಿಗುತ್ತದೆ. ಆದರೆ ಅದೂ ನಿಜವಲ್ಲ ಕಂದ. ನಾನು ಯಾರಿಗಾಗಿಯೂ ಏನನ್ನೂ ಬಿಡಲಿಲ್ಲ. ಆಗ ನನಗೆ ಸಂಶೋಧನೆಯ ಆಸೆಯೇ ಇರಲಿಲ್ಲ. ಎಂ.ಎಸ್ಸಿ. ಮುಗಿದಾಗ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿ ಹಾಯಾಗಿ ನಿದ್ದೆ ಮಾಡಿದವಳು ನಾನು. ಆಸೆ ಹುಟ್ಟಿದ್ದು ತಲೆಕೂದಲು ಬೆಳ್ಳಗಾದ ಮೇಲೆ, ಅದೂ ಶಾಲೆಯ ಪರೀಕ್ಷೆಯ ವೇಳಾಪಟ್ಟಿಯಿಂದ.

ವೇಳಾಪಟ್ಟಿ ಎಂದ ಕೂಡಲೇ ಉಳಿದ ಶಿಕ್ಷಕರೆಲ್ಲ ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಗಣಿತದ ಮೇಡಂ ಇದ್ದಾರಲ್ಲ ಎಂದು ಅದು ನನ್ನ ತಲೆಗೇ ಬರುತ್ತಿತ್ತು. ಒಂದೇ ಮಗು ಬರೆಯಬೇಕಾದ ಎರಡು ಪರೀಕ್ಷೆ ಒಂದೇ ಹೊತ್ತಿಗೆ ಬೀಳಬಾರದು, ಅಷ್ಟೇ ವಿಷಯ. ಪ್ರತಿ ಪರೀಕ್ಷೆಗೆ ಒಂದು ಚುಕ್ಕೆ ಇಡುತ್ತಿದ್ದೆ. ಎರಡನ್ನೂ ಬರೆಯುವ ಮಗುವೊಂದಿದ್ದರೆ ಆ ಚುಕ್ಕೆಗಳ ನಡುವೆ ಗೆರೆ. ಗೆರೆ ಇರುವ ಚುಕ್ಕೆಗಳಿಗೆ ಬೇರೆ ಬೇರೆ ಬಣ್ಣ. ಒಂದು ಬಣ್ಣವೆಂದರೆ ಒಂದು ಹೊತ್ತು. ಎಷ್ಟು ಕಡಿಮೆ ಬಣ್ಣದಲ್ಲಿ ಮುಗಿಸಬಹುದು ಎನ್ನುವುದೇ ಪ್ರಶ್ನೆ. ಹಾಗೆ ಮಾಡುತ್ತ ಮಾಡುತ್ತ ಒಂದು ಬಗೆಯ ಚಿತ್ರಗಳಿಗೆ ನಾಲ್ಕು ಬಣ್ಣ ಸಾಕಾಗುವುದು ಕಂಡಿತು. ಯಾಕೆ ಸಾಕಾಗುತ್ತದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿಕೊಂಡವಳು ನಾನೇ. ಉತ್ತರ ಗೊತ್ತಿಲ್ಲದೆ ಇರುವುದು ನನಗೆ ತಡೆಯಲಾಗಲಿಲ್ಲ. ಅದಕ್ಕೇ ಕೆಲಸ ಬಿಟ್ಟು ಸೇರಿದೆ.

ಮೊದಲ ದಿನ ಸಂಶೋಧನಾ ವಿದ್ಯಾರ್ಥಿಗಳ ಕೊಠಡಿಗೆ ಹೋದಾಗ ಅಲ್ಲಿದ್ದವರೆಲ್ಲ ಎದ್ದು ನಿಂತರು. ಯಾರೋ ತಪಾಸಣೆಗೆ ಬಂದಿದ್ದಾರೆ ಅಂದುಕೊಂಡರಂತೆ. ನಾನು ಕಿಟಕಿಯ ಪಕ್ಕದ ಖಾಲಿ ಮೇಜಿಗೆ ಹೋಗಿ ಕೂತು ಚೀಲದಿಂದ ಪೆನ್ಸಿಲ್ ತೆಗೆದ ಮೇಲೆ ಅವರೂ ಕೂತರು. ನನ್ನ ಎದುರಿನ ಮೇಜಿನ ಹುಡುಗಿಗೆ ಎಲ್ಲರೂ ಪಟಾಕಿ ಅನ್ನುತ್ತಾರೆ. ನಿನಗಿಂತ ಚಿಕ್ಕವಳು, ಬಾಯಿ ಮಾತ್ರ ನಿನ್ನದಕ್ಕಿಂತ ದೊಡ್ಡದು. ನಮ್ಮ ಗೈಡ್ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ನಾನು ಅವರ ಮೊದಲ ವಿದ್ಯಾರ್ಥಿನಿ. ನಾನು ಅವರಿಗೆ ಸರ್ ಅನ್ನುತ್ತೇನೆ, ಅವರು ನನಗೆ ಮೇಡಂ ಅನ್ನುತ್ತಾರೆ. ಬಾಗಿಲ ಹತ್ತಿರ ನೀವು ಮೊದಲು, ನೀವು ಮೊದಲು ಎಂದು ಇಬ್ಬರೂ ನಿಂತುಬಿಡುತ್ತೇವೆ.

ಆ ನಾಲ್ಕು ಬಣ್ಣದ ಮಾತನ್ನು ನಾನು ಸಾಬೀತು ಮಾಡಿದೆ. ಪ್ರಬಂಧ ಬರೆದೆ, ಗೈಡ್ ಸಹಿ ಹಾಕಿದರು, ಕಚೇರಿಗೆ ಕೊಟ್ಟೆವು. ಪರೀಕ್ಷಕರಿಗೆ ಹೋಗುವ ಮೊದಲು ವಿಭಾಗದವರ ಮುಂದೆ ಒಂದು ಉಪನ್ಯಾಸ ಕೊಡಬೇಕು. ಅದರ ತಯಾರಿಗೆಂದು ಒಂದು ಮಧ್ಯಾಹ್ನ ಖಾಲಿ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಕೇಳಲು ಪಟಾಕಿ ಒಬ್ಬಳೇ.

ಸಾಧನೆಯ ದಾರಿ ಇಷ್ಟು: ಚಿತ್ರದಿಂದ ಒಂದು ಚುಕ್ಕೆಯನ್ನು ಅಳಿಸಬೇಕು. ಉಳಿದದ್ದು ಚಿಕ್ಕ ಚಿತ್ರ, ಅದಕ್ಕೆ ನಾಲ್ಕು ಬಣ್ಣ ಸಾಕೆಂದು ಆಗಲೇ ಗೊತ್ತಾಗಿರುತ್ತದೆ. ಆಮೇಲೆ ಅಳಿಸಿದ ಚುಕ್ಕೆಯನ್ನು ಮರಳಿ ಇಟ್ಟು ಅದಕ್ಕೊಂದು ಬಣ್ಣ ಹೊಂದಿಸಬೇಕು. "ಉಳಿದ ಚಿತ್ರವೂ ಸ್ಪಷ್ಟವಾಗಿ ಅದೇ ಬಗೆಯದು" ಎಂದು ಬರೆದೆ. ಸೀಮೆಸುಣ್ಣ ಅಲ್ಲೇ ನಿಂತಿತು. ಅದೇ ಬಗೆಯದು ಎಂದು ಯಾರು ಹೇಳಿದರು? ಒಂದು ಚುಕ್ಕೆ ಹೋದ ಮೇಲೆ ಚಿತ್ರದ ಜಾತಿಯೇ ಬದಲಾಗಬಹುದಲ್ಲ. ಹಾಗಾದರೆ ಚಿಕ್ಕ ಚಿತ್ರದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಏನೂ ಗೊತ್ತಿಲ್ಲದ ಕಡೆ ನಾನು "ಸ್ಪಷ್ಟವಾಗಿ" ಎಂದು ಬರೆದಿದ್ದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಆ ಪದ ಕಂಡರೆ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದವಳು ನಾನು.

ಸೀಮೆಸುಣ್ಣ ಕೆಳಗಿಟ್ಟು ಮುಂದಿನ ಬೆಂಚಿನ ಮೇಲೆ ಕೂತೆ. ಪಟಾಕಿ ಬೋರ್ಡನ್ನೇ ನೋಡುತ್ತಿದ್ದಳು.

ಗೈಡ್‌ಗೆ ಹೇಳಿದೆ. ಅವರ ಮುಖ ಬಿಳುಚಿತು. ಅವರ ಬಡ್ತಿಗೆ ಒಬ್ಬ ವಿದ್ಯಾರ್ಥಿಯಾದರೂ ಪದವಿ ಪಡೆದಿರಬೇಕು, ಆ ಒಬ್ಬಳು ನಾನು. ಆದರೂ ಅವರು ಹಾಗೇ ಇರಲಿ ಅನ್ನಲಿಲ್ಲ, ವಾಪಸ್ ತಗೊಳ್ಳಿ ಅನ್ನಲೂ ಇಲ್ಲ. "ಮುಖ್ಯಸ್ಥರನ್ನ ಒಂದ್ಮಾತು ಕೇಳೋಣ ಮೇಡಂ" ಎಂದರು. ವಿಭಾಗದ ಮುಖ್ಯಸ್ಥರು ಸಭ್ಯರು. ನನ್ನನ್ನು ಕೂರಿಸಿ ಟೀ ತರಿಸಿದರು.

"ಮೇಡಂ, ಪ್ರಬಂಧ ಎಷ್ಟು ಜನ ಓದ್ತಾರೆ ಹೇಳಿ? ಪರೀಕ್ಷಕರು ಮುನ್ನುಡಿ ನೋಡ್ತಾರೆ, ಕೊನೇ ಪುಟ ನೋಡ್ತಾರೆ. ನೀವೇನು ಮುಂದೆ ಕೆಲಸಕ್ಕೆ ಅರ್ಜಿ ಹಾಕ್ಬೇಕಾ? ಸುಮ್ನೆ ಬಿಡಿ, ಪದವಿ ತಗೊಳ್ಳಿ, ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕ್ಕೊಳ್ಳಿ, ಮೊಮ್ಮಕ್ಕಳನ್ನ ಆಡಿಸ್ಕೊಂಡು ಆರಾಮಾಗಿರಿ."

"ಸರ್, ಯಾರೂ ಓದಲ್ಲ ಅಂತೀರಿ. ನಾನು ಓದಿದ್ದೀನಲ್ಲ" ಎಂದೆ.

ಅವರು ನಕ್ಕರು, ನಾನು ನಗಲಿಲ್ಲ. ಆ ಟೀ ಕುಡಿಯಲೂ ಇಲ್ಲ. ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ ಪ್ರತಿಗಳನ್ನೆಲ್ಲ ವಾಪಸ್ ಕೇಳಿದೆ. ಅಲ್ಲಿಯವರು, ಇಲ್ಲಿ ಕೊಡುವವರು ಬರುತ್ತಾರೆ, ಕೇಳುವವರು ಬಂದದ್ದೇ ಇಲ್ಲ ಎಂದು ಹುಡುಕಿ ಹುಡುಕಿ ಕೊಟ್ಟರು. ಆ ಹೊರೆ ಹೊತ್ತುಕೊಂಡು ಮೆಟ್ಟಿಲಿಳಿಯುವಾಗ ನಾಚಿಕೆಯಾಗಿತ್ತೇ ಎಂದು ಕೇಳಿದರೆ ಇಲ್ಲ. ನಿಜ ಹೇಳಬೇಕೆಂದರೆ ಬೆನ್ನು ನೆಟ್ಟಗಿತ್ತು.

ಬೆನ್ನು ಬಗ್ಗಿದ್ದು ಆಮೇಲೆ. ಬಿರುಕನ್ನು ಮುಚ್ಚಲು ತಿಂಗಳುಗಟ್ಟಲೆ ಹೆಣಗಿದೆ. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಮನೆಯಲ್ಲಿ ನಿನ್ನ ಅಪ್ಪನಿಗೆ, ಸ್ವಲ್ಪ ತಿದ್ದುಪಡಿ ಇದೆ ಎಂದಷ್ಟೇ ಹೇಳಿದ್ದೆ. ನಿನ್ನ ಹೆರಿಗೆಗೆಂದು ನಾನು ಅಲ್ಲಿಗೆ ಬಂದಿದ್ದಾಗಲೂ ಹೇಳಲಿಲ್ಲ. ಪಾಪುವನ್ನು ತಟ್ಟಿ ಮಲಗಿಸುತ್ತ ನಾನು ಗೋಡೆಯತ್ತ ನೋಡುತ್ತಿದ್ದುದನ್ನು ನೋಡಿ, ಅಮ್ಮನಿಗೆ ಆಯಾಸ ಎಂದು ನೀನು ಅಳಿಯಂದಿರ ಹತ್ತಿರ ಹೇಳಿದ್ದೆ. ಆಯಾಸವಲ್ಲ ಕಂದ. ಗೋಡೆಯ ಮೇಲೆ ಚುಕ್ಕೆಗಳಿದ್ದವು.

ವಾಪಸ್ ಬಂದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ ಪಟಾಕಿ ತನ್ನ ಡಬ್ಬಿ ಹಿಡಿದುಕೊಂಡು ನನ್ನ ಮೇಜಿಗೆ ಬಂದಳು. "ಆಂಟಿ, ಬೇಜಾರು ಮಾಡ್ಕೋಬೇಡಿ. ಇಷ್ಟು ದಿನ ಸರಿ ಮಾಡೋಕೆ ನೋಡಿದ್ರಿ, ಆಗ್ಲಿಲ್ಲ. ಅದು ಸುಳ್ಳೇ ಇರಬಹುದಲ್ವಾ?"

ಬೇಜಾರು ಮಾಡಿಕೊಂಡೆ. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ನನ್ನ ಮಾತನ್ನು ಸುಳ್ಳೆಂದು ಹೇಳಲು ಇವಳು ಯಾರು ಎಂದು ಕುದಿಯುತ್ತಿದ್ದೆ. ಆದರೆ ಒಳಗೆ ಹೊಕ್ಕ ಮಾತು ಹೊರಗೆ ಹೋಗಲಿಲ್ಲ. ಮೂರನೆಯ ದಿನ ಗ್ರಂಥಾಲಯದ ಉದ್ದನೆಯ ಮೇಜಿನ ತುದಿಯಲ್ಲಿ ಕೂತು, ಇಷ್ಟು ಕಾಲ ಕಾಪಾಡಿದ್ದನ್ನು ಮುರಿಯಲು ಶುರು ಮಾಡಿದೆ. ಚುಕ್ಕೆ ಅಳಿಸಿದಾಗ ಜಾತಿ ಬದಲಾಗುವ ಚಿತ್ರಗಳನ್ನೇ ಹುಡುಕಿ, ಒಂದಕ್ಕೊಂದು ಜೋಡಿಸಿ, ಬಣ್ಣದ ಪೆನ್ಸಿಲಿನಲ್ಲಿ ತುಂಬುತ್ತ ಹೋದೆ. ಪಕ್ಕದಲ್ಲಿ ಕೂತವರು ಮೊಮ್ಮಕ್ಕಳ ಚಿತ್ರದ ಪುಸ್ತಕ ಅಂದುಕೊಂಡಿರಬೇಕು. ಬೇಸಿಗೆ ಶುರುವಾದಾಗ ಒಂದು ಚಿತ್ರ ಸಿಕ್ಕಿತು. ಯಾವ ಕಡೆಯಿಂದ ಹೊರಟರೂ ಕೊನೆಗೊಂದು ಚುಕ್ಕೆ ಉಳಿಯುತ್ತಿತ್ತು. ಅದರ ಸುತ್ತ ನಾಲ್ಕೂ ಬಣ್ಣ ಕೂತುಬಿಟ್ಟಿರುತ್ತಿದ್ದವು. ಪಟಾಕಿ ಕಂಪ್ಯೂಟರಿನಲ್ಲಿ ಎಲ್ಲ ಬಗೆಯನ್ನೂ ಹಾಕಿ ನೋಡಿದಳು. ಅದೂ ಆಗುವುದಿಲ್ಲ ಎಂದಿತು. ಯಂತ್ರವನ್ನು ನಂಬದೆ ನಾನು ಕೈಯಲ್ಲೇ ಸಾಧಿಸಿದೆ. ನಾಲ್ಕು ಬಣ್ಣ ಸಾಲದು.

ನನ್ನ ಪ್ರಮೇಯ ಸತ್ತಿತು, ಕೊಂದವಳು ನಾನೇ. ಅವತ್ತಿನಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ನೀನು ಹುಟ್ಟಿದ ದಿನ ಕೂಡ ಇಷ್ಟು ಆಗಲಿಲ್ಲ. ಅವತ್ತು ನನಗೆ ತುಂಬ ನೋವಿತ್ತು. ಆಮೇಲೆ ಐದು ಬಣ್ಣ ಸಾಕು ಎಂಬುದನ್ನು ಸಾಧಿಸಿದೆ. ಈ ಸಲ ಸ್ಪಷ್ಟವಾಗಿ ಎಂಬ ಪದ ಒಂದು ಕಡೆಯೂ ಇಲ್ಲ.

ಶೀರ್ಷಿಕೆ ಬದಲಿಸಲು, ಅವಧಿ ಮುಂದುವರಿಸಲು ಸಮಿತಿಯ ಒಪ್ಪಿಗೆ ಬೇಕಿತ್ತು. ಅದೇ ಹೊತ್ತಿಗೆ ಮಾರುಕಟ್ಟೆಯಲ್ಲಿ ನಮ್ಮ ಮುಖ್ಯಸ್ಥರು ನಿನ್ನ ಅಪ್ಪನಿಗೆ ಸಿಕ್ಕಿ, ಪಾಪ, ಮೇಡಂ ಪ್ರಬಂಧ ವಾಪಸ್ ತಗೊಂಡ್ರಲ್ಲ ಎಂದಿದ್ದಾರೆ. ಇವರು ಮನೆಗೆ ಬಂದು ನನ್ನನ್ನು ಕೇಳುವುದು ಬಿಟ್ಟು ದಾರಿಯಿಂದಲೇ ನಿನಗೆ ಫೋನ್ ಮಾಡಿದ್ದಾರೆ. ನಿನಗೆ ಸುದ್ದಿ ತಲುಪಿದ್ದು ಹಾಗೆ.

ಸಮಿತಿ ಸೇರಿದ್ದು ನಿನ್ನೆ. ಹೊರಗಿನಿಂದ ಬಂದ ಸದಸ್ಯರೊಬ್ಬರು ನನ್ನ ಕಡತ ತಿರುವಿ, ಹುಟ್ಟಿದ ವರ್ಷದ ಮೇಲೆ ಬೆರಳಿಟ್ಟು ಕೇಳಿದರು, "ಈ ವಯಸ್ಸಲ್ಲಿ ಇನ್ನೂ ಒಂದು ವರ್ಷ ಬೇಕಾ ನಿಮಗೆ? ಇದರಿಂದ ಏನು ಉಪಯೋಗ?"

"ಸರ್, ಪ್ರಮೇಯ ಶುರುವಾಗೋದು ಕೆಲವು ಊಹೆಗಳಿಂದ. ಮೊದಲ ಪುಟದಲ್ಲಿ ಎಲ್ಲಾ ಬರೆದಿದ್ದೀನಿ. ನನ್ನ ವಯಸ್ಸು ಅದರಲ್ಲಿಲ್ಲ. ಅದನ್ನ ನಾನು ಎಲ್ಲೂ ಬಳಸಿಲ್ಲ" ಎಂದೆ.

ಯಾರೋ ಕೆಮ್ಮಿದರು. ಆಗ ನಮ್ಮ ಗೈಡ್ ಎದ್ದು ನಿಂತರು. ಯಾರಿಗೂ ಎದುರಾಡದ ಮನುಷ್ಯ. "ಆ ತಪ್ಪಿಗೆ ಸಹಿ ಹಾಕಿದವನು ನಾನು, ಕಂಡುಹಿಡಿದವರು ಇವರು. ಅವಧಿ ಕೊಡಲ್ಲ ಅಂದ್ರೆ ಹಾಗೇ ಬರೆದುಕೊಡಿ. ಸರಿಯಾದ ಪ್ರಬಂಧವನ್ನ ಸಮಿತಿ ಬೇಡ ಅಂತು ಅಂತ ಗೊತ್ತಾಗ್ಲಿ" ಎಂದರು. ಅವರ ಬಡ್ತಿ ಈ ವರ್ಷ ಇಲ್ಲ. ಅದು ಗೊತ್ತಿದ್ದೇ ಎದ್ದು ನಿಂತರು. ನನಗೆ ಒಂದು ವರ್ಷ ಸಿಕ್ಕಿತು. ಹೊರಗೆ ಬರುವಾಗ ಬಾಗಿಲಲ್ಲಿ ಇಬ್ಬರೂ ನಿಂತೆವು. ನಾನೇ ಮೊದಲು ದಾಟಿದೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ನಾನು ಪಾಪುವನ್ನು ನೋಡಿಕೊಳ್ಳಲು ಬರುವುದಿಲ್ಲ. ರಜೆಯಲ್ಲಿ ಬರುತ್ತೇನೆ, ಅಜ್ಜಿಯಾಗಿ. ಎತ್ತಿಕೊಳ್ಳುತ್ತೇನೆ, ಕಥೆ ಹೇಳುತ್ತೇನೆ, ನಿನ್ನ ಬೈಗುಳವನ್ನೂ ಕೇಳುತ್ತೇನೆ. ನನ್ನ ಕಾಗದಗಳೂ ಜೊತೆಗೆ ಬರುತ್ತವೆ. ನೀನು ಕೆಲಸಕ್ಕೆ ಹೋಗಲೇಬೇಕು. ನಿನ್ನ ಕುರ್ಚಿ ಬಿಟ್ಟುಕೊಡು ಎಂದು ನಾನು ಯಾವತ್ತೂ ಹೇಳುವುದಿಲ್ಲ. ನನ್ನ ಕುರ್ಚಿಯೂ ಹಾಗೇ ಎಂದು ತಿಳಿ. ಅಮ್ಮನಿಗೆ ಹಟ ಅನ್ನುತ್ತೀಯ, ಅನ್ನು. ಸುಳ್ಳನ್ನು ಹೆಸರಿನ ಮುಂದೆ ಅಂಟಿಸಿಕೊಂಡು ನಿನ್ನ ಮಗುವನ್ನು ಎತ್ತಿಕೊಳ್ಳುವುದಕ್ಕಿಂತ ಇದೇ ವಾಸಿ. ಸಿಟ್ಟು ಬಂದರೆ ಬರಲಿ. ಸಿಟ್ಟಿನಲ್ಲೇ ಒಂದು ಕಾಗದ ಬರಿ, ಫೋನ್ ಮಾಡಬೇಡ.

ನಿನ್ನ ಹಟಮಾರಿ
ಅಮ್ಮ

ಮರೆತ ಮಾತು: ಕವರಿಗೆ ಹಾಕುವ ಮೊದಲು ಈ ಕಾಗದವನ್ನು ನಿನ್ನ ಅಪ್ಪನಿಗೆ ಓದಲು ಕೊಟ್ಟೆ. ದಾರಿಯಿಂದ ಫೋನ್ ಮಾಡಿದ್ದಕ್ಕೆ ಅದು ಶಿಕ್ಷೆ. ಓದಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಪಾಪೂನ ನೋಡ್ಕೊಳ್ತೀಯಾ ಅಂತ ನನ್ನನ್ನ ಯಾಕೆ ಯಾರೂ ಕೇಳ್ಲೇ ಇಲ್ಲ?" ಎಂದರು. ನಿವೃತ್ತರಾಗಿ ಮನೆಯಲ್ಲೇ ಇರುವ ಮನುಷ್ಯ. ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಬಂದು ಕೇಳಿದರೆ ಏನು ಹೇಳುತ್ತೀಯೋ ಯೋಚಿಸಿಡು. ನಿಮ್ಮೂರಿಗೆ ಬರುವ ಶನಿವಾರದ ರೈಲಿಗೆ ಟಿಕೆಟ್ ಮಾಡಿಸಿಕೊಂಡು ಬಂದಿದ್ದಾರೆ. ಹಿಂದಿರುಗುವ ಟಿಕೆಟ್ ಎಲ್ಲಿ ಎಂದು ಕೇಳಿದೆ. ಅದಕ್ಕೇನು ಅವಸರ ಎಂದರು.