ಅಪ್ಪನ ಹೆಸರು, ಇನ್ನೊಬ್ಬನ ಮುಖ

ಟೊಲೀಡೊ
ಆಗಸ್ಟ್ ೬

ಪ್ರೀತಿಯ ವೆಸ್,

ಕ್ಷೇಮಸಮಾಚಾರದಿಂದ ಶುರುಮಾಡಿದರೆ ಹೇಳಬೇಕಾದ್ದನ್ನು ಹೇಳದೆಯೇ ಕಾಗದ ಮುಗಿಸಿಬಿಡುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಬಾಯಿ ಬರಲಿಲ್ಲ ಕಣೋ.

ಈ ಸಲ ಕ್ಲೀವ್‌ಲ್ಯಾಂಡಿನ ಬೇಸ್‌ಬಾಲ್ ಆಟಗಾರರ ಫೋಟೋ ಕಾರ್ಡುಗಳ ಮೇಳಕ್ಕೆ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. "ನನ್ನ ಕಾರ್ಡು ಯಾರ ಹತ್ರನಾದ್ರೂ ಇದ್ರೆ ಸಹಿ ಹಾಕಿ ಕೊಡ್ತೀನಿ" ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಾನು ಏಳುವ ಮೊದಲೇ ಸಿದ್ಧನಾಗಿ ಕೂತಿದ್ದ. ಒಂದೇ ಒಂದು ಬೇಸಿಗೆ ದೊಡ್ಡ ತಂಡಕ್ಕೆ ಚೆಂಡೆಸೆದವನು, ಒಂದೇ ಒಂದು ಕಾರ್ಡು. ಅದರಲ್ಲೂ ಅಚ್ಚು ಹಾಕಿದವರು ಅವನ ಹೆಸರಿನ ಮೇಲೆ ಬೇರೆಯವನ ಫೋಟೋ ಕೂರಿಸಿದ್ದು ನಿನಗೆ ಗೊತ್ತೇ ಇದೆ.

ಅಷ್ಟು ದೊಡ್ಡ ಸಭಾಂಗಣದಲ್ಲಿ ಅಪ್ಪ ಬೇಗ ದಣಿದ. ರೂಡಿ ಜಾನಿಕ್ ಎಂಬ ವ್ಯಾಪಾರಿಯ ಮೇಜಿನ ಪಕ್ಕ ಕುರ್ಚಿ ಹಾಕಿಸಿ ಕೂರಿಸಿದೆ. ನಾನು ಕೂಡಿಸುತ್ತಿರುವ ಸೆಟ್ ಪೂರ್ತಿಯಾಗಲು ಕೊನೆಯದಾಗಿ ಬೇಕಿದ್ದ ಕಾರ್ಡು ಇದ್ದದ್ದು ಅವನಲ್ಲೇ. ನನ್ನೆರಡು ಕಾರ್ಡಿಗೆ ಬದಲಾಗಿ ಅದನ್ನು ಕೊಡಲು ಇನ್ನೇನು ಒಪ್ಪುವುದರಲ್ಲಿದ್ದ. ಅಷ್ಟರಲ್ಲಿ ಅಗ್ಗದ ಕಾರ್ಡುಗಳ ಪೆಟ್ಟಿಗೆ ತಡಕುತ್ತಿದ್ದ ಅಪ್ಪ ಸಹಿ ಹಾಕಲು ಪೆನ್ನು ತೆಗೆದು ಕೂಗಿದ, "ಇಗೋ ನೋಡಿ! ಇದು ನಾನು!"

ರೂಡಿ ಕಾರ್ಡು ನೋಡಿದ, ಅಪ್ಪನನ್ನು ನೋಡಿದ. "ತಾತ, ಇವನು ಬಲಗೈಯಲ್ಲಿ ಎಸೀತಾ ಇದಾನೆ. ನೀನು ಪೆನ್ನು ಹಿಡ್ದಿರೋದು ಎಡಗೈಯಲ್ಲಿ! ಬೆಳಿಗ್ಗೆಯಿಂದ ಎಷ್ಟು ಜನ ಹಳೇ ಹೀರೋಗಳು ಬಂದ್ರಪ್ಪ!" ಸುತ್ತ ನಿಂತವರು ನಕ್ಕರು.

"ಫೋಟೋ ಅದಲುಬದಲಾಯ್ತು ಕಣಯ್ಯಾ. ನನ್ನ ಮಗಳನ್ನ ಕೇಳು. ಹೇಳೇ ಲೆನೋರ್."

ಒಂದು ಮಾತು ಸಾಕಿತ್ತು, ವೆಸ್. ಇಂಥ ತಪ್ಪುಗಳು ಆಗುತ್ತವೆಂದು ಅಲ್ಲಿದ್ದ ಯಾರಾದರೂ ನಂಬುತ್ತಿದ್ದರು. ಆದರೆ ಗಿರಾಕಿಗಳೆದುರು ರೂಡಿಯನ್ನು ತಿದ್ದಿದರೆ ಅವನು ಮುನಿಸಿಕೊಂಡಾನು, ಕಾರ್ಡು ಕೈತಪ್ಪೀತು ಎನಿಸಿತು. ಅಷ್ಟೇ ಎಂದರೆ ಅದೂ ಸುಳ್ಳು. ನನ್ನನ್ನು ತಮ್ಮಲ್ಲೊಬ್ಬಳೆಂದು ಈಗಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದ ಆ ಗಂಡಸರ ಮುಂದೆ, ಅಪ್ಪನ ದೊಡ್ಡ ಗಂಟಲಿಗೆ ನಾಚಿಕೊಂಡೆ.

"ಸಾಕಪ್ಪಾ, ಹೋಗಿ ಏನಾದ್ರೂ ತಿನ್ನು. ಆಮೇಲೆ ಬರ್ತೀನಿ" ಎಂದೆ.

ರೂಡಿ ದನಿ ತಗ್ಗಿಸಿ, "ಪಾಪ, ವಯಸ್ಸಾದ್ಮೇಲೆ ಹೀಗೇ ಬಿಡಿ" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಅಪ್ಪ ಅದನ್ನು ನೋಡಿದ. ಕಾರ್ಡನ್ನು ಮೂಲೆ ಮಡಚದಂತೆ ಪೆಟ್ಟಿಗೆಯೊಳಗೆ ಮತ್ತೆ ಸೇರಿಸಿ, ಎದ್ದು ಹೋದ. ನಾನು ಹಿಂದೆ ಹೋಗಲಿಲ್ಲ. ವ್ಯವಹಾರ ಮುಗಿಸಿದೆ.

ಆಮೇಲೆ ಹುಡುಕಿದಾಗ ಹೊರಗಿನ ಬೆಂಚಿನ ಮೇಲೆ ಹಾಟ್‌ಡಾಗ್ ತಿನ್ನುತ್ತಿದ್ದ. ನನಗೊಂದು ಕಟ್ಟಿಸಿಟ್ಟಿದ್ದ. "ಸಿಕ್ತೇನೇ ನಿನಗೆ ಬೇಕಾಗಿದ್ದು?" ಎಂದ. ತೋರಿಸಿದೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಂಚು ಹಿಡಿದು ನೋಡಿದ. "ಮೂಲೆಗಳು ಚೆನ್ನಾಗಿವೆ" ಎಂದ. ಮನೆಗೆ ಬರುವ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದ. ನಿದ್ದೆ ಬಂದಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ರೂಡಿಗೆ ಫೋನ್ ಮಾಡಿ ನಿಜ ಹೇಳಿದೆ. "ಅಯ್ಯೋ, ಅಲ್ಲೇ ಹೇಳೋದಲ್ವಾ? ನಾನೇ ಕ್ಷಮೆ ಕೇಳ್ತಿದ್ದೆ" ಎಂದ. ಅಲ್ಲೇ ಹೇಳಿದ್ದರೆ ಅವನು ನಿಜಕ್ಕೂ ಕ್ಷಮೆ ಕೇಳುತ್ತಿದ್ದ. ಅದೇ ನನ್ನನ್ನು ಹೆಚ್ಚು ಸುಡುತ್ತಿದೆ.

ನಿನ್ನ ಅಕ್ಕ,
ಲೆನೋರ್

ಇನ್ನೊಂದು ಮಾತು: ಭಾನುವಾರ ಅಪ್ಪ ನಿನಗೆ ಫೋನ್ ಮಾಡುತ್ತಾನೆ. ನಿನ್ನೆ ನೆರೆಮನೆಯ ಗ್ಲೆಂಡಾಗೆ ನನ್ನೆದುರೇ ಹೇಳಿದ: "ಅಲ್ಲೊಬ್ಬ ನನ್ನನ್ನ ಸುಳ್ಳುಗಾರ ಅಂದ. ನನ್ನ ಮಗಳು ಬಿಡ್ತಾಳಾ? ಎಲ್ಲರ ಮುಂದೆ ಅವನ ಬಾಯಿ ಮುಚ್ಚಿಸಿದ್ಲು!" ಹೇಳುವಾಗ ನನ್ನ ಕಡೆ ತಿರುಗಲಿಲ್ಲ. ನಾನು ಎದ್ದು ಒಳಗೆ ಹೋದೆ. ನಿನಗೂ ಹಾಗೆಯೇ ಹೇಳಿದರೆ, ನಂಬಿದವನಂತೆ ಕೇಳಿಸಿಕೋ.