ಒಂದೇ ಕಿವಿಯಲ್ಲಿ ಕೇಳಿದ ಭಾಷಣ

ಸೊರಬ
೧೨-೧೧-೧೯೫೮

ಪ್ರೀತಿಯ ಆನಂದಣ್ಣನಿಗೆ,

ಮಗಳನ್ನು ತೊಡೆಯ ಮೇಲೆ ಹಾಕಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಓರೆಯಾಗಿದ್ದರೆ ಅದು ಇವಳ ಒದೆತ.

ನಿನ್ನ ತಂತಿ ಬಂದ ಸಂಗತಿ ಆಮೇಲೆ. ಮೊದಲು ಶುಕ್ರವಾರದ ಸಂಜೆ.

ಆ ವಾರವೆಲ್ಲ ನನಗೆ ನಿದ್ದೆಯಿಲ್ಲ. ಮಗು ಅತ್ತರೆ ಯಾಕೆಂದು ಭಯ, ಸುಮ್ಮನಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಭಯ. ಅದರ ಮೇಲೆ ನಿನ್ನ ಕಾಗದ. ತೊದಲುವವನು ವೈರ್‌ಲೆಸ್ ಪ್ರೊಫೆಸರ್ ಆಗಿ ಪಾಠ ಹೇಳುವುದು ಹೇಗೆ ಎಂದು ಕಾಲೇಜಿನ ಆಯ್ಕೆ ಸಮಿತಿಯವರು ಎರಡು ಸಲ ನಿನ್ನನ್ನು ಕೈಬಿಟ್ಟಿದ್ದರು. ಈಗ ರೇಡಿಯೋದಲ್ಲಿ ಹದಿನೈದು ನಿಮಿಷದ ಭಾಷಣ, ಅವರೂ ಕೇಳುತ್ತಾರೆ ಎಂದು ನೀನು ಬರೆದಿದ್ದೆ. ಚಿಕ್ಕಂದಿನಲ್ಲಿ ಶಿಕಾರಿಪುರದ ಅಂಗಡಿಯ ಮುಂದೆ ನೀನು "ಬ... ಬ..." ಎಂದು ನಿಂತರೆ ಹಿಂದಿನಿಂದ ನಾನು "ಬೆಲ್ಲ" ಎನ್ನುತ್ತಿದ್ದೆ. ರೇಡಿಯೋದಲ್ಲಿ ನಿನ್ನ ಹಿಂದೆ ಯಾರು?

ಗಡಿಯಾರ ರಿಪೇರಿಯ ನಜೀರ್ ಸಾಬರು ತಮ್ಮ ಬ್ಯಾಟರಿ ರೇಡಿಯೋವನ್ನು ನಮ್ಮ ಮನೆಗೇ ಹೊತ್ತು ತಂದರು. ಆದರೆ ನಾನು ಬಾಣಂತಿ. ಎರಡೂ ಕಿವಿಗೆ ಹತ್ತಿ, ಮೇಲೆ ಬಿಗಿಯಾಗಿ ಬಟ್ಟೆ.

"ಬಿಚ್ಚಂಗಿಲ್ಲ. ಬಾಣಂತಿ ಕಿವಿಗೆ ಗಾಳಿ ಹೊಕ್ರೆ ಜನ್ಮಪೂರ್ತಿ ತಲೆನೋವು," ಎಂದಳು ಅಮ್ಮ.

"ಬರೋದು ಗಾಳಿ ಅಲ್ಲಮ್ಮ, ಅಣ್ಣ."

ಅಮ್ಮ ತಾನೇ ಗಂಟು ಸಡಿಲಿಸಿದಳು. "ಒಂದೇ ಕಿವಿ. ಬಲಗಡೇದು."

ಆ ಒಂದು ಕಿವಿಗೆ ನೀನು ಬಂದೆ ಅಣ್ಣ! ರೇಡಿಯೋ ಅಲೆಯ ಬಲ ಅಳೆಯಲು ಪೆಟ್ಟಿಗೆ ಹಿಡಿದು ಉಳವಿಗೆ ಹೋದದ್ದು, ಅಲ್ಲಿನ ರೈತ ಗುತ್ಯಪ್ಪನವರು ನಿನ್ನನ್ನು ಜಮೀನು ಅಳೆಯುವ ಮೋಜಣಿಯವನೆಂದು ತಿಳಿದು ಬಾಳೆಗೊನೆ ಕೊಟ್ಟು "ಒತ್ತುವರಿ ಒಂದು ಬರ್ಕೋಬ್ಯಾಡ್ರಿ ಸ್ವಾಮಿ" ಎಂದು ಕೈಮುಗಿದದ್ದು, ಎಲ್ಲ ಹೇಳಿದೆ. ನಜೀರ್ ಸಾಬರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಆಮೇಲೆ ನೀನು "ಅಲೆಯ ದಾರಿಗೆ ಗು..." ಎಂದು ನಿಂತುಬಿಟ್ಟೆ.

ಸದ್ದಿಲ್ಲ. ಬರೀ ಗೊರಗೊರ. ನನ್ನ ತುಟಿಗೆ "ಗುಡ್ಡ" ಬಂದೇಬಿಟ್ಟಿತ್ತು. ನಾನು ಹೇಳಿದರೆ ನಿನಗೆ ತಲುಪುವುದಿಲ್ಲ ಎಂಬುದು ಬಿ.ಎ. ಓದಿದವಳಿಗೆ ಗೊತ್ತಿರಬೇಡವೇ? ಹಲ್ಲು ಕಚ್ಚಿ ಹಿಡಿದೆ. ನಜೀರ್ ಸಾಬರು ಸೆಟ್ಟು ಕೆಟ್ಟಿತೆಂದು ತಿರುಪಿಗೆ ಕೈ ಹಾಕಿದರು.

"ಕೈ ತೆಗೀರಿ ಸಾಬ್ರೇ, ಏನೂ ಕೆಟ್ಟಿಲ್ಲ," ಎಂದಳು ಅಮ್ಮ. "ನನ್ನ ಮಗ ಬರ್ತಾ ಇದಾನೆ. ತಡೀರಿ."

ಬಂದೆ. "ಗುಡ್ಡ ಅಡ್ಡ ಬಂದರೆ ಅಲೆ ಸೊರಗುತ್ತದೆ, ಸಾಯುವುದಿಲ್ಲ. ಬಾಗಿ, ಬಳಸಿ, ಆಚೆ ಊರಿಗೆ ಮುಟ್ಟುತ್ತದೆ." ಗಟ್ಟಿಯಾಗಿ, ಅವಸರವಿಲ್ಲದೆ ಹೇಳಿದೆ. ಮುಂದಿನ ಆರು ನಿಮಿಷದಲ್ಲಿ ಇನ್ನೂ ಎರಡು ಸಲ ನಿಂತೆ. ಆಗ ನನ್ನ ತುಟಿ ಅಲ್ಲಾಡಲಿಲ್ಲ.

ಇವತ್ತು ತಂತಿ ಬಂತು. ಸಮಿತಿ ಒಪ್ಪಿತು, ನೀನು ಪ್ರೊಫೆಸರ್! ನಾನು ಕೂಗಿದ್ದಕ್ಕೆ ಮಗು ಎದ್ದು ಕಿರುಚಿತು. ಕಿರುಚಲಿ ಎಂದು ಬಿಟ್ಟೆ. ಅಮ್ಮ ಓಡಿಬಂದು, "ಪ್ರೊಫೆಸರ್ ಅಂದ್ರೆ ಏನೇ?" ಎಂದಳು.

"ಅವನು ಮಾತಾಡ್ವಾಗ ಉಳಿದೋರೆಲ್ಲ ಸುಮ್ನೆ ಕೂತು ಕೇಳ್ಬೇಕಮ್ಮ."

"ಹಂಗಾದ್ರೆ ಅವನು ಶುಕ್ರವಾರನೇ ಆದ್ನಲ್ಲ," ಎಂದು ಅಮ್ಮ ಸಕ್ಕರೆ ಹಂಚಲು ಹೊರಟಳು.

ನಿನ್ನ ಮಾತು ನಿಧಾನವಾಗಿಯೇ ಬರಲಿ, ನೂರು ಗುಡ್ಡದಾಚೆಗೂ ಮುಟ್ಟಲಿ. ನನ್ನ ನಮಸ್ಕಾರದ ಜೊತೆ ನಿನ್ನ ಸೊಸೆಯ ಒಂದು ಒದೆತವನ್ನೂ ಸೇರಿಸಿಕೋ.

ನಿನ್ನ ತಂಗಿ,
ನೀಲಾಂಬಿಕ