ಬೇವಾರ್ಸಿ ಫೈಲು

ಮೇ 12, ಸೋಮವಾರ, ಮಧ್ಯಾಹ್ನ

ಮೊಳಕೆ ಲೆಕ್ಕದ ಎಂಟ್ರಿ ಮುಗಿಯಿತು. ರಾಣೆಬೆನ್ನೂರಿನ ಈ ಬೀಜದ ಲ್ಯಾಬಿನ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದು ನಾನೇ — ತಿಂಗಳಾಯಿತು, ಒಮ್ಮೆಯೂ ಹ್ಯಾಂಗ್ ಆಗಿಲ್ಲ. ಇವತ್ತು ಹಳೆಯ ರಿಪೋರ್ಟ್ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಿದೆ. ನಮ್ಮ ಲಿನಕ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಜಾವೇದಣ್ಣ ಬರೆದ: "ಸಾಫ್ಟ್‌ವೇರ್ ಪ್ಯಾಕೇಜ್ ತಗದ್ರೂ ಕಸ ಉಳಿತೈತಿ. ಯಾವ ಪ್ಯಾಕೇಜೂ ನಂದು ಅನ್ನದ ಫೈಲ್ ಹುಡುಕು. ಅವೆಲ್ಲಾ ಬೇವಾರ್ಸಿ."

ಹುಡುಕಿದೆ. 214. ಎಲ್ಲ ಡಿಲೀಟ್. ಸ್ಕ್ರೀನ್‌ಶಾಟ್ ಹಾಕಿದೆ, 31 ಥಂಬ್ಸ್ ಅಪ್. ಖುಷಿಯೋ ಖುಷಿ.

ಮೇ 13, 11.20

ಲ್ಯಾಬಿನ ಹಿರಿಯ ಗಂಗಕ್ಕ ಬಂದು ಕೇಳಿದರು: "ತಸ್ಲೀಮಾ, ಬ್ಯಾಡಗಿ ಮೆಣಸಿನಕಾಯಿ ಮೂರೂ ಲಾಟಿನ ರಿಪೋರ್ಟ್ ತಗಿಯವ್ವ."

ಇಲ್ಲ. ಫೋಲ್ಡರೇ ಇಲ್ಲ. ಹಳೆ ಸಾಫ್ಟ್‌ವೇರ್ ಓಡುವಾಗ ತಾನೇ ಮಾಡಿಕೊಂಡ ಫೋಲ್ಡರ್, ಅದಕ್ಕೇ ಯಾವ ಪ್ಯಾಕೇಜಿನ ಲಿಸ್ಟಿನಲ್ಲೂ ಇರಲಿಲ್ಲ. ಒಳಗಿದ್ದದ್ದು ಗಂಗಕ್ಕ ಎಣಿಸಿದ ಮೊಳಕೆಯ ಲೆಕ್ಕ.

"ಪ್ರಿಂಟರ್ ಕೆಟ್ಟೈತ್ರಿ ಅಕ್ಕಾ" ಅಂದೆ.

"ಇರ್ಲಿ, ಶುಕ್ರವಾರ ಇಪ್ಪತ್ಮೂರಕ್ಕ ಗಾಡಿ ಹೊಂಡತೈತಿ. ಅಷ್ಟ್ರಾಗ ಕೊಡು. ಮೂರ್ರಾಗ ಒಂದ್ ಲಾಟ್ ಸತ್ತೈತಿ, ನೂರಕ್ಕ ಹತ್ತೂ ಮೊಳತಿಲ್ಲ, ಅದನ್ನ ಕಳಸಾಂಗಿಲ್ಲ. 17 ಏನು, 18 ಏನು, 19 ಏನು... ನನ್ನ ತಲಿಗೇನು ನೆನಪಿರತೈತಿ. ಅದಕ್ಕ ಅಲ್ಲೇನ್ ನಿನ್ನ ಕಂಪ್ಯೂಟರ್."

ಎಂಟ್ರಿಯಾದ ಮೇಲೆ ಎಣಿಕೆಯ ಚೀಟಿ ಹರಿದು ಹಾಕುವುದು ಲ್ಯಾಬಿನ ರೂಢಿ. ಜಾವೇದಣ್ಣನಿಗೆ ಮೆಸೇಜ್ ಮಾಡಿದೆ. "ಬ್ಯಾಕಪ್?" ಇಲ್ಲ. "ಡಿಸ್ಕ್ ಮ್ಯಾಲ ಹೊಸದೇನರ ಬರದೀಯೇನು?" ಬರೆದಿದ್ದೇನೆ. ಅಂದರೆ ಅಳಿಸಿದ್ದು ಇನ್ನು ಮರಳಿ ಸಿಗುವುದಿಲ್ಲ. ಅವನು ಊದುಬತ್ತಿಯ ಇಮೋಜಿ ಕಳಿಸಿದ.

ಮೇ 13, ಸಂಜೆ

ಮೂರೂ ಲಾಟಿನ ಚೀಲದಿಂದ ಐವತ್ತೈವತ್ತು ಬೀಜ ತಂದೆ. ಕದ್ದು. ಅಮ್ಮಿಯ ಹಳೆ ಓಢಣಿ ಹರಿದು, ಒದ್ದೆ ಮಾಡಿ, ಸುತ್ತಿ, ಮೂರು ಸ್ಟೀಲ್ ಡಬ್ಬಿಯಲ್ಲಿಟ್ಟೆ. ಮೇಲೆ ಚೀಟಿ ಅಂಟಿಸಿದೆ: 17, 18, 19. ಮೆಣಸಿನಕಾಯಿ ಮೊಳೆಯಲು ಎಂಟೊಂಬತ್ತು ದಿನ ಬೇಕು. ನನ್ನ ಹತ್ತಿರ ಹತ್ತು ದಿನ ಇವೆ.

ಮೇ 17

ಏನೂ ಇಲ್ಲ. ಮೂರರಲ್ಲೂ. ಕಾಗಿನೆಲೆಯಿಂದ ಮಾಮಾ ಮಹಮ್ಮದಗೌಸರ ಫೋನು: "ಸಸಿ ಮಡಿ ಹದಾ ಮಾಡೇನಿ ಬೇಟಿ. ಬ್ಯಾಡಗಿ ಅಂಗಡಿಗೆ ನಿಮ್ಮ ಬೀಜ ಬಂದ್ ಕೂಡ್ಲೆ ತರ್ತೀನಿ. ನೀ ಅದೀಯಲ್ಲ, ನನಗೇನ್ ಚಿಂತಿ."

ಡಬ್ಬಿ ಮೂರೂ ಮತ್ತೆ ತೆರೆದು ನೋಡಿದೆ.

ಮೇ 20

"ಪ್ರಿಂಟರ್‌ಗೆ ಏನ್ ಜ್ವರಾ ಬಂದೈತೇನ್?" ಅಂದರು ಗಂಗಕ್ಕ. ನಕ್ಕರು. ನಾನೂ ನಕ್ಕೆ.

ಮೇ 22, ಬೆಳಿಗ್ಗೆ 6

ಬಂದಿವೆ. ಬಿಳಿ ದಾರದಂಥ ಮೊಳಕೆ. ಎರಡು ಬಟ್ಟೆಯಲ್ಲಿ ತುಂಬ. ಮೂರನೆಯದರಲ್ಲಿ ಮೂರೇ ಮೂರು, ಉಳಿದದ್ದೆಲ್ಲ ಮೆತ್ತಗೆ ಕೊಳೆತಿದೆ. ಡಬ್ಬಿ ತಿರುಗಿಸಿ ನೋಡಿದೆ. ಚೀಟಿ ಇಲ್ಲ. ಮೂರಕ್ಕೂ ಇಲ್ಲ.

"ಅಮ್ಮೀ, ಚೀಟಿ?"

"ನೀರಿಗೆ ಬಿಚ್ಚಿ ಬಿದ್ದಿದ್ವು ಬೇಟಿ, ಕಸದಾಗ ಹಾಕೀನಿ. ಬರೇ ನಂಬರ್ ಇತ್ತು. ಯಾರ ಹೆಸರೂ ಇದ್ದಿಲ್ಲ."

ಮುನಿಸಿಪಾಲ್ಟಿ ಗಾಡಿ ನಿನ್ನೆಯೇ ಕಸ ಒಯ್ದಿದೆ. ಅಮ್ಮಿಗೆ ಏನು ಅನ್ನಲಿ. ನಾನು ಮಾಡಿದ್ದೂ ಅದೇ.

ಮೇ 23, 9.40, ಲ್ಯಾಬ್

ಮುಂಜಾನೆ ಪ್ರಿಂಟ್ ತೆಗೆಯಬಹುದಿತ್ತು. ಮೂರೂ ಪಾಸ್ ಅಂತ ಟೈಪ್ ಮಾಡಲು ಎರಡು ನಿಮಿಷ ಸಾಕು. ಟೈಪ್ ಮಾಡಿದೆ ಕೂಡ. ಅಳಿಸಿದೆ.

ಹೊರಗೆ ಡ್ರೈವರ್ ಶಂಕ್ರಪ್ಪ ಚೀಲ ಏರಿಸುತ್ತಿದ್ದಾನೆ. "ಲಗೂ ಮಾಡ್ರಿ, ಬಿಸಲ ಆಗೂದ್ರಾಗ ಬ್ಯಾಡಗಿ ಮುಟ್ಟಬೇಕು." 17 ಏರಿತು. 18 ಏರಿತು. ಡಬ್ಬಿಗಳು ನನ್ನ ತೊಡೆಯ ಮೇಲಿವೆ. ಗಂಗಕ್ಕ ಬಾಗಿಲಲ್ಲಿ ನಿಂತಿದ್ದಾರೆ, ಕೈ ಚಾಚಿ, ರಿಪೋರ್ಟಿಗೆ. ಮೊದಲು ಇಲ್ಲಿ ಬರೆದುಕೊಂಡು ಆಮೇಲೆ ಅದನ್ನೇ ಓದಿಬಿಡುತ್ತೇನೆ —

ಗಂಗಕ್ಕಾ, ಗಾಡಿ ನಿಂದ್ರಸ್ರಿ. ಆ ಫೈಲ್ ಬೇವಾರ್ಸಿ ಅಲ್ರಿ, ನಿಮ್ದು. ಅದನ್ನ ಅಳಿಸಿದಾಕಿ ನಾನ ರೀ.